ಮಕ್ಕಳ ಪರೀಕ್ಷೆ, ಪಾಲಕರ ಸಂಯಮ

ಫಾಲ್ಗುಣ ಮಾಸ ಸಮೀಪಿಸುತ್ತಿದ್ದಂತೆ ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳ ವಾತಾವರಣವೇ ಬದಲಾಗುತ್ತದೆ. ಮೊದಲು ಪಿಯುಸಿ ವಾರ್ಷಿಕ ಪರೀಕ್ಷೆ, ಅದರ ಬೆನ್ನಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ, ಅನಂತರ ನೀಟ್. ನಮ್ಮ ಆಯುರ್ವೇದ ಪದವಿಯ ಪ್ರವೇಶಕ್ಕೂ ಈಗ ನೀಟ್ ಅಂಕಗಳೇ ಆಧಾರ. ಈ ದಿನಗಳಲ್ಲಿ ತಲೆನೋವು, ಆಮ್ಲಪಿತ್ತ, ಮಲಬದ್ಧತೆ, ಋತುಚಕ್ರದ ಏರುಪೇರು ಎಂದು ಹದಿನೇಳು-ಹದಿನೆಂಟರ ಮಕ್ಕಳು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ. ಜೊತೆಗೆ ಬಂದ ತಂದೆ-ತಾಯಿಯರ ಬೇಡಿಕೆ ಬಹುತೇಕ ಒಂದೇ: “ನೆನಪಿನ ಶಕ್ತಿಗೆ ಏನಾದರೂ ಔಷಧ ಕೊಡ್ರಿ ಡಾಕ್ಟರೇ.”

ಔಷಧಕ್ಕಿಂತ ಮೊದಲು ತಿಳಿಯಬೇಕಾದ ಒಂದು ವಿವೇಕವನ್ನು ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಹೇಳುತ್ತದೆ. ಶರೀರದಲ್ಲಿ ತಾನಾಗಿ ಹುಟ್ಟುವ 13 ವೇಗಗಳನ್ನು ತಡೆಯಬಾರದು. ಹಸಿವು, ಬಾಯಾರಿಕೆ, ನಿದ್ರೆ, ಮಲಮೂತ್ರ, ಕಣ್ಣೀರು ಇವುಗಳಲ್ಲಿ ಸೇರಿವೆ. ಆದರೆ ಲೋಭ, ಭಯ, ಕ್ರೋಧ, ಈರ್ಷ್ಯೆ ಮುಂತಾದ ಮನಸ್ಸಿನ ವೇಗಗಳನ್ನು ತಡೆಯಲೇಬೇಕು. ಪರೀಕ್ಷೆಯ ಕಾಲದಲ್ಲಿ ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಮಕ್ಕಳು ತಡೆಯಬಾರದ್ದನ್ನು ತಡೆಯುತ್ತಿದ್ದಾರೆ. ಹಿರಿಯರು ತಡೆಯಬೇಕಾದುದನ್ನು ಹರಿಯಬಿಡುತ್ತಿದ್ದಾರೆ.

ಮಕ್ಕಳು ತಡೆಯಬಾರದವು

ಮೊದಲನೆಯದು ನಿದ್ರೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಆಯುರ್ವೇದವು ದೇಹದ ಮೂರು ಉಪಸ್ತಂಭಗಳೆಂದು ಕರೆದಿದೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ರಾತ್ರಿಯ ನಿದ್ರೆ ಅವಶ್ಯವೆಂದು ಆಧುನಿಕ ವಿಜ್ಞಾನವೂ ಹೇಳುತ್ತದೆ. ತಲೆನೋವೆಂದು ಬಂದಿದ್ದ ಒಬ್ಬ ವಿದ್ಯಾರ್ಥಿನಿಯ ದಿನಚರಿಯನ್ನು ಆಕೆಯ ತಾಯಿಯ ಎದುರಿನಲ್ಲಿಯೇ ಬರೆದು ಕೂಡಿಸಿ ನೋಡಿದೆವು. ರಾತ್ರಿ 1 ಗಂಟೆಗೆ ಮಲಗಿ, ಬೆಳಗಿನ ತರಗತಿಗಾಗಿ ನಾಲ್ಕೂವರೆಗೆ ಏಳುತ್ತಿದ್ದಳು. ದೊರೆಯುತ್ತಿದ್ದುದು ಮೂರೂವರೆ ತಾಸಿನ ನಿದ್ರೆ. ಬೆಳಗಿನ ತರಗತಿಯನ್ನು ಬಿಡಿಸಿ, ಹತ್ತೂವರೆಗೆ ದೀಪ ಆರಿಸುವಂತೆ ಹೇಳಿದೆವು. ಎರಡು ವಾರಗಳಲ್ಲಿ ತಲೆನೋವು ಇಳಿಯಿತು.

ಈ ವಯಸ್ಸಿನವರಿಗೆ ದಿನಕ್ಕೆ 8 ತಾಸು ನಿದ್ರೆ ಬೇಕು. ಸಂಜೆಯ ನಂತರ ಚಹಾ-ಕಾಫಿ ಬೇಡ. ಮಲಗುವ ಮುನ್ನ ಅಂಗಾಲಿಗೆ ತುಸು ಎಣ್ಣೆ ತಿಕ್ಕಿ, ಬೆಚ್ಚಗಿನ ಹಾಲು ಕೊಡಿರಿ. ಮೊಬೈಲು ಓದುವ ಕೋಣೆಯ ಹೊರಗಿರಲಿ. ಆ ಹೊತ್ತಿಗೆ ತಂದೆ-ತಾಯಿಯರ ಮೊಬೈಲು ಮತ್ತು ಮನೆಯ ಟಿವಿ ಸಹ ಮೌನವಾಗಿರಲಿ. ಹಗಲು ನಿದ್ರೆ ಸಾಮಾನ್ಯವಾಗಿ ವರ್ಜ್ಯವಾದರೂ ಗ್ರೀಷ್ಮ ಋತುವಿನಲ್ಲಿ ಶಾಸ್ತ್ರದ ಸಮ್ಮತಿಯಿದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಮಗು ಅರ್ಧ ತಾಸು ಒರಗಿದರೆ ಎಬ್ಬಿಸಿ ಗದರಬೇಡಿರಿ.

ಎರಡನೆಯದು ಹಸಿವು. ಬೇಸಿಗೆಯಲ್ಲಿ ಜೀರ್ಣಶಕ್ತಿ ಸಹಜವಾಗಿಯೇ ಕುಗ್ಗಿರುತ್ತದೆ. ಬೆಳಗಿನ ಉಪಾಹಾರ ತಪ್ಪಿಸಿ ರಾತ್ರಿ ಹೊತ್ತುಮೀರಿ ಕರಿದ ತಿಂಡಿ ತಿಂದರೆ ಹೊಟ್ಟೆಯುರಿ ಖಂಡಿತ. ಜೋಳದ ರೊಟ್ಟಿ ಅಥವಾ ಮುದ್ದೆ, ಹೆಸರುಬೇಳೆಯ ತೊವ್ವೆ, ಸೊಪ್ಪಿನ ಪಲ್ಯ, ಒಂದು ಚಮಚ ತುಪ್ಪ, ತಿಳಿ ಮಜ್ಜಿಗೆ ಸಾಕು. ವಿಶೇಷ ಭೋಜನ ಬೇಕಿಲ್ಲ, ಹೊತ್ತಿಗೆ ಸರಿಯಾಗಿ ದೊರೆತರೆ ಆಯಿತು.

ಮೂರನೆಯದು ಮಲಮೂತ್ರ. ಶೌಚಾಲಯದ ಅನುಕೂಲವಿಲ್ಲವೆಂದು ದಿನವಿಡೀ ನೀರು ಕುಡಿಯದೆ, ಮೂತ್ರ ತಡೆದು, ಉರಿಮೂತ್ರದಿಂದ ಬಳಲುವ ಹೆಣ್ಣುಮಕ್ಕಳು ಅನೇಕರು. ಇದನ್ನು ಅವರು ತಾವಾಗಿ ಹೇಳುವುದಿಲ್ಲ. ತಾಯಂದಿರೇ ಕೇಳಿ ತಿಳಿಯಬೇಕು, ಸಂಸ್ಥೆಯವರೊಡನೆ ಮಾತನಾಡಬೇಕು.

ನಾಲ್ಕನೆಯದು ಕಣ್ಣೀರು. ಅಂಕ ಕಡಿಮೆ ಬಂದ ದಿನ ಮಗು ಅತ್ತರೆ ಅಳಲಿ. “ಗಂಡುಹುಡುಗನಾಗಿ ಅಳುತ್ತೀಯಾ” ಎಂದು ಬಾಯಿ ಮುಚ್ಚಿಸಿದರೆ ದುಃಖ ಒಳಗೇ ಉಳಿಯುತ್ತದೆ. ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳುವುದೂ ಒಂದು ಉಪಚಾರವೇ.

ಪಾಲಕರು ತಡೆಯಬೇಕಾದವು

ನೆರೆಮನೆಯ ಮಗುವಿನ ರ‍್ಯಾಂಕನ್ನು ಊಟದ ಹೊತ್ತಿನಲ್ಲಿ ಎತ್ತುವುದು ಈರ್ಷ್ಯೆ. ಮಗುವಿನ ಒಲವು ವಾಣಿಜ್ಯದ ಕಡೆಗೋ ಕೃಷಿಯ ಕಡೆಗೋ ಇದ್ದರೂ ವೈದ್ಯನೇ ಆಗಬೇಕೆಂದು ಹಟ ಹಿಡಿಯುವುದು ಲೋಭ. ವಾರದ ಪರೀಕ್ಷೆಯ ಅಂಕಪಟ್ಟಿ ಕಂಡೊಡನೆ ಧ್ವನಿ ಏರಿಸುವುದು ಕ್ರೋಧ. “ಎರಡು ಎಕರೆ ಹೊಲ ಅಡವಿಟ್ಟು ಫೀ ಕಟ್ಟೀವಿ” ಎಂದು ದಿನವೂ ನೆನಪಿಸುವುದು ನಮ್ಮ ಭಯವನ್ನು ಮಗುವಿನ ತಲೆಗೆ ಹೊರಿಸಿದಂತೆ. ಸಾಲದ ಭಾರ ಸುಳ್ಳಲ್ಲ. ಆದರೆ ಅದು ಹಿರಿಯರ ಹೆಗಲ ಮೇಲಿರಲಿ, ಮಕ್ಕಳ ಪುಸ್ತಕದ ಮೇಲೆ ಬೇಡ.

“ಎಷ್ಟು ಅಂಕ ಬಂತು?” ಎಂಬುದರ ಬದಲು “ಊಟ ಆಯಿತೇ? ಯಾವ ಪಾಠ ಕಷ್ಟವಾಗುತ್ತಿದೆ?” ಎಂದು ಕೇಳಿ ನೋಡಿರಿ. ದಿನಕ್ಕೊಮ್ಮೆಯಾದರೂ ಪರೀಕ್ಷೆಯ ಸುದ್ದಿಯಿಲ್ಲದೆ ಮನೆಮಂದಿ ಒಟ್ಟಿಗೆ ಕುಳಿತು ಉಣ್ಣಬೇಕು.

ಔಷಧದ ಮಾತು

ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ ಈ ನಾಲ್ಕನ್ನು ಚರಕರು ಮೇಧ್ಯ ರಸಾಯನಗಳೆಂದು ಹೇಳಿರುವುದು ನಿಜ. ಆದರೆ ಯಾವ ರಸಾಯನವೂ ಕಳೆದುಕೊಂಡ ನಿದ್ರೆಗೆ ಬದಲಿಯಲ್ಲ. ಜಾಹೀರಾತು ನೋಡಿ ಲೇಹ್ಯ-ಮಾತ್ರೆ ಕೊಳ್ಳಬೇಡಿರಿ. ಪ್ರಕೃತಿ ಪರೀಕ್ಷಿಸಿದ ವೈದ್ಯರ ಸಲಹೆಯಿಲ್ಲದೆ ಕೊಡಬೇಡಿರಿ. ಪರೀಕ್ಷೆಯ ವಾರದಲ್ಲಂತೂ ಹೊಸ ಔಷಧವನ್ನಾಗಲಿ ಹೊಸ ಆಹಾರವನ್ನಾಗಲಿ ಆರಂಭಿಸಲೇಬಾರದು. ಒಂದೆಲಗದ ತಂಬುಳಿ ಮನೆಯ ರೂಢಿಯಲ್ಲಿದ್ದರೆ ಅಡ್ಡಿಯಿಲ್ಲ.

ಪರೀಕ್ಷೆಯ ದಿನ

ಸಿಇಟಿಯ ಒಂದೊಂದು ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ನೀಟ್ ನಡೆಯುವುದು ಮಧ್ಯಾಹ್ನ, ಊಟದ ಮಂಪರು ಬರುವ ಹೊತ್ತಿನಲ್ಲಿ. ಆದ್ದರಿಂದ ಎರಡು ವಾರ ಮೊದಲಿನಿಂದಲೇ ಆ ಸಮಯದಲ್ಲಿ ಕುಳಿತು ಬರೆಯುವ ಅಭ್ಯಾಸವಾಗಲಿ. ಅಂದು ಹನ್ನೊಂದು ಗಂಟೆಯ ಸುಮಾರಿಗೆ ಹಗುರವಾದ ಊಟ ಮುಗಿಯಲಿ. ಪ್ರವೇಶಪತ್ರ, ಗುರುತಿನ ಚೀಟಿಗಳನ್ನು ಹಿಂದಿನ ರಾತ್ರಿಯೇ ಜೋಡಿಸಿಡಿರಿ. ಹೊರಬಂದ ಮಗುವನ್ನು ಗೇಟಿನಲ್ಲಿಯೇ ನಿಲ್ಲಿಸಿ ಉತ್ತರ ತಾಳೆ ನೋಡುವುದು ಬೇಡ.

ಎಚ್ಚರಿಕೆಯ ಲಕ್ಷಣಗಳು

ಮಗು ಮಾತು ಬಿಟ್ಟರೆ, ಅನ್ನ-ನಿದ್ರೆ ತೊರೆದರೆ, ಇಷ್ಟದ ವಸ್ತುಗಳನ್ನು ಇತರರಿಗೆ ಹಂಚತೊಡಗಿದರೆ, “ನಾನಿದ್ದು ಏನು ಪ್ರಯೋಜನ” ಎಂಬ ಮಾತು ಬಂದರೆ, ಅದನ್ನು ಓದು ತಪ್ಪಿಸುವ ನೆಪವೆಂದು ತಳ್ಳಿಹಾಕಬೇಡಿರಿ. ಒಬ್ಬಂಟಿಯಾಗಿ ಬಿಡಬೇಡಿರಿ. ಇದು ಕಷಾಯ-ಲೇಹ್ಯಗಳಿಗೆ ಬಿಡುವ ಸ್ಥಿತಿಯಲ್ಲ. ಆ ದಿನವೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಗುವೂ ಮಾಡಬಹುದು, ಪಾಲಕರೂ ಮಾಡಬಹುದು.

ಫಲಿತಾಂಶಕ್ಕೆ ಮೊದಲೇ ಹೇಳಬೇಕಾದ ಮಾತು

ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ನೀಟನ್ನು ಮುಂದಿನ ವರ್ಷ ಮತ್ತೆ ಬರೆಯಬಹುದು. ಸಿಇಟಿಯ ಮೂಲಕ ಕೃಷಿ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್ ಪದವಿಗಳ ದಾರಿಯೂ ತೆರೆದಿದೆ. ಇದನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕಾಗಿ ಹೇಳಿದರೆ ಮಗು ನಂಬದು. ಪರೀಕ್ಷೆಗೆ ಮೊದಲೇ, ಮನೆಯ ಹಿರಿಯರೆಲ್ಲ ಕುಳಿತು, “ನಿನ್ನ ರ‍್ಯಾಂಕು ಎಷ್ಟೇ ಬರಲಿ, ಈ ಮನೆಯಲ್ಲಿ ನಿನ್ನ ಸ್ಥಾನ ಬದಲಾಗದು” ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿದ್ದರೆ ಸಾಲದು, ಮಗುವಿನ ಕಿವಿಗೆ ಬೀಳಬೇಕು. ಭಕ್ತ ಬಾಂಧವರು ಈ ಸಂಜೆಯೇ ಇದನ್ನು ಹೇಳಲೆಂದು ಕೋರುತ್ತೇವೆ.