ಹಳೆಯ ಬಿಲ್ಲು ಕೊಳ್ಳುವ ಮುನ್ನ

ಕಳೆದ ವಿಜಯದಶಮಿಯ ಸಂಜೆ ಹೊಸಪೇಟೆಯ ನಮ್ಮ ಮನೆಯಲ್ಲಿ ಬನ್ನಿ ಹಂಚುವ ಸಂಭ್ರಮವು ಮುಗಿದು ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟ ಕಥೆಯನ್ನು ನನ್ನ ತಂಗಿಯ ಮಗನಿಗೆ ಹೇಳಬೇಕೆಂದು ನಾನು ಬಾಯಿ ತೆರೆದೆನು. ಹದಿನೈದು ವರ್ಷದ ಆ ಹುಡುಗನು, "ಮಾವ, ಗಾಂಡೀವ ಇರಲಿ, ಇದನ್ನು ನೋಡಿ" ಎಂದು ಮೊಬೈಲನ್ನು ನನ್ನ ಕಣ್ಣೆದುರಿಗೆ ಹಿಡಿದನು. ಅಂತರ್ಜಾಲದ ಚಿಲ್ಲರೆ ಜಾಹೀರಾತುಗಳ ನಡುವೆ, ಹಳೆಯ ಸೋಫಾ ಒಂದಕ್ಕೂ ಮೂರನೆಯ ಕೈಗೆ ಬಂದ ಮೋಟಾರು ಸೈಕಲಿಗೂ ಮಧ್ಯದಲ್ಲಿ, ಒಂದು ಬಿಲ್ಲಿನ ಚಿತ್ರವಿದ್ದಿತು. ಮೂರು ವರ್ಷ ಬಳಸಿದ್ದು, ಆರು ಬಾಣಗಳ ಸಹಿತ, ಸಂಡೂರಿನಲ್ಲಿ ಲಭ್ಯ ಎಂದು ಕೆಳಗೆ ಬರೆದಿದ್ದರು.

ಅದೇ ವಾರದಲ್ಲಿ ಕಂಪ್ಲಿಯಿಂದ ನನ್ನ ಸೋದರತ್ತೆಯವರು ಕರೆಮಾಡಿ, ಅಟ್ಟದ ಮೇಲಿರುವ ತಮ್ಮ ಮಾವನವರ ಕಾಲದ ಬಿಲ್ಲನ್ನು ಮಾರಬೇಕಾಗಿದೆ, ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ ಹಣ ಸಾಲದು ಎಂದರು. ಒಂದು ಕೈಯಲ್ಲಿ ಕೊಳ್ಳುವ ವ್ಯವಹಾರ, ಇನ್ನೊಂದು ಕೈಯಲ್ಲಿ ಮಾರುವ ವ್ಯವಹಾರ. ಬಿಲ್ಲಿನ ವಿಷಯದಲ್ಲಿ ನನಗಿದ್ದ ಜ್ಞಾನವಾದರೋ ಹಜಾರರಾಮನ ಗುಡಿಯ ಗೋಡೆಯಲ್ಲಿ ಕಂಡಷ್ಟೇ. ಕಲ್ಲಿನ ಬಿಲ್ಲಿಗೆ ಹುಳು ಹತ್ತುವುದಿಲ್ಲ, ಹೆದೆ ಹರಿಯುವುದಿಲ್ಲ. ಮರದ ಬಿಲ್ಲಿನ ಸಂಗತಿ ಬೇರೆಯೆಂಬುದನ್ನು ಮುಂದಿನ ಎರಡು ತಿಂಗಳಲ್ಲಿ ಕಲಿತೆನು. ಕಲಿತದ್ದನ್ನು ನಮ್ಮಂಥ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತೇನೆ.

ಬಿಲ್ಲು ನಮ್ಮ ಸೀಮೆಗೆ ಹೊಸ ಪದಾರ್ಥವೇನೂ ಅಲ್ಲ. ವಾಲಿಯು ರಾಮಬಾಣಕ್ಕೆ ಗುರಿಯಾದ ಕಿಷ್ಕಿಂಧೆಯು ತುಂಗಭದ್ರೆಯ ಈ ದಡದಲ್ಲಿಯೇ ಇದ್ದಿತೆಂದು ಹಿಂದಿನಿಂದ ನಂಬಿಕೊಂಡು ಬಂದವರು ನಾವು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಗಾರರು ಇಂದಿಗೂ ಜಿಂಕೆಗಳನ್ನು ಬೆನ್ನಟ್ಟುತ್ತಿರುವರು. ೧೪೨೪ರಿಂದ ೧೪೪೬ರವರೆಗೆ ಆಳಿದ ಎರಡನೆಯ ದೇವರಾಯನು, ಬಹಮನಿ ಸುಲ್ತಾನರ ಜಯಕ್ಕೆ ಅವರ ಕುದುರೆಗಳೂ ಬಿಲ್ಲುಗಾರರೂ ಕಾರಣವೆಂದು ತಿಳಿದು, ಮುಸಲ್ಮಾನ ಬಿಲ್ಲುಗಾರರನ್ನು ಸೇವೆಗೆ ಸೇರಿಸಿಕೊಂಡು ತನ್ನ ಸೈನಿಕರಿಗೂ ಆ ವಿದ್ಯೆಯನ್ನು ಕಲಿಸಿದನೆಂದು ಫೆರಿಸ್ತನು ಬರೆದಿದ್ದಾನೆ. ಎರಡು ಸಾವಿರ ಮುಸಲ್ಮಾನರು ಮತ್ತು ಅರವತ್ತು ಸಾವಿರ ಹಿಂದೂಗಳು ಬಿಲ್ವಿದ್ಯೆಯಲ್ಲಿ ನಿಪುಣರಾಗಿದ್ದರೆಂಬುದು ಅವನ ಲೆಕ್ಕ. ಅದೇ ರಾಜನ ಸೇವೆಯಲ್ಲಿದ್ದ ಅಹಮದ್ ಖಾನನು ೧೪೩೯ರಲ್ಲಿ ಕಟ್ಟಿಸಿದ ಧರ್ಮಸಾಲೆಯು ಹಂಪೆಯಲ್ಲಿ ಈಗಲೂ ನಿಂತಿದೆ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಪಾಯಸನು ಸೇನೆಯ ಪರಿವೀಕ್ಷಣೆಯಲ್ಲಿ ಚಿನ್ನದ ತಗಡಿನ ಬಿಲ್ಲುಗಳನ್ನೂ ಬೆಳ್ಳಿಯ ತಗಡಿನ ಬಿಲ್ಲುಗಳನ್ನೂ ಕಂಡು ಬೆರಗಾದನು. ಅವುಗಳಲ್ಲಿ ಒಂದಾದರೂ ಮಾರಾಟಕ್ಕೆ ಬಂದಿದ್ದರೆ ನಮ್ಮತ್ತೆಯ ಚಿಂತೆ ತೀರುತ್ತಿದ್ದಿತು!

ಇರಲಿ. ಸಂಡೂರಿಗೆ ಹೊರಡುವ ಮೊದಲು, ಹೊಸಪೇಟೆಯಲ್ಲಿ ಮಕ್ಕಳಿಗೆ ಬಿಲ್ವಿದ್ಯೆ ಕಲಿಸುವ ಒಬ್ಬ ತರುಣರನ್ನು ಕಂಡು ಬೇಡಿಕೊಂಡೆವು. ಅವರು ನಮ್ಮೊಡನೆ ಬಂದದ್ದು ನಮ್ಮ ಪುಣ್ಯ. ಬಿಲ್ಲನ್ನು ನೋಡಿದೊಡನೆ ಹುಡುಗನು ಅದನ್ನು ಎತ್ತಿ, ಬಾಣವಿಲ್ಲದೆಯೇ ಹೆದೆಯನ್ನು ಸೆಳೆಯಲು ಹೋದನು. ತರುಣರು ಥಟ್ಟನೆ ಅವನ ಕೈ ಹಿಡಿದರು. ಸೆಳೆದ ಬಿಲ್ಲಿನಲ್ಲಿ ಕೂಡಿಕೊಂಡ ಶಕ್ತಿಯನ್ನು ಬಾಣವು ಹೊತ್ತುಕೊಂಡು ಹೋಗಬೇಕು. ಬಾಣವಿಲ್ಲದೆ ಹೆದೆಯನ್ನು ಬಿಟ್ಟರೆ ಆ ಶಕ್ತಿಯೆಲ್ಲವೂ ಬಿಲ್ಲಿನ ತೋಳುಗಳಿಗೇ ಹಿಂದಿರುಗಿ ಅವನ್ನು ಸೀಳಿಬಿಡಬಹುದು. ಹೀಗೆ ಒಂದೇ ಸಲ ಬರಿಗೈಯಲ್ಲಿ ಮಿಡಿದ ಬಿಲ್ಲು ಹೊರಗೆ ನೆಟ್ಟಗೆ ಕಂಡರೂ ಒಳಗೆ ಮುರಿದಿರುವುದುಂಟು. ಕೊಂಡವನು ಮುಂದೊಂದು ದಿನ ಅದನ್ನು ಕೆನ್ನೆಯವರೆಗೆ ಸೆಳೆದಾಗ ಅದು ಸಿಡಿದರೆ, ಸಿಡಿಯುವುದು ಕಣ್ಣಿನ ಪಕ್ಕದಲ್ಲಿ. ಈ ಮಾತನ್ನು ಕೇಳಿ ನನ್ನ ತಂಗಿಯ ಮುಖವು ಬಿಳುಪೇರಿತು.

ಅವರು ಪರೀಕ್ಷಿಸಿದ ಕ್ರಮವನ್ನು ನಾನು ಗಮನವಿಟ್ಟು ನೋಡಿದೆನು. ಮೊದಲು ಹೆದೆಯೇರಿಸಿದ ಬಿಲ್ಲನ್ನು ತುದಿಯಿಂದ ತುದಿಗೆ ಒಂದೇ ಕಣ್ಣಿನಿಂದ ನಿಟ್ಟಿಸಿದರು. ಹೆದೆಯು ಎರಡು ತೋಳುಗಳ ನಟ್ಟನಡುವೆ ಹಾಯಬೇಕು. ಪಕ್ಕಕ್ಕೆ ಸರಿದರೆ ತೋಳು ತಿರುಚಿಕೊಂಡಿದೆ ಎಂದು ಅರ್ಥ. ಎರಡು ತೋಳುಗಳೂ ಸಮನಾಗಿ ಬಾಗಿವೆಯೇ ಎಂದು ನೋಡಿದರು. ಆಮೇಲೆ ಹೆದೆಯನ್ನು ಇಳಿಸಿ, ಒಂದು ಹಿಡಿ ಹತ್ತಿಯನ್ನು ತೋಳುಗಳ ಮೇಲೂ ಅಂಚುಗಳ ಮೇಲೂ ಮೆಲ್ಲಗೆ ಎಳೆದರು. ಇದು ಗಾಜಿನ ನಾರನ್ನು ಅಂಟಿಸಿ ಮಾಡಿದ ಬಿಲ್ಲು. ಕಣ್ಣಿಗೆ ಕಾಣದ ಸೀಳಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುವುದು. ಕೆಳಗಿನ ತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ದೂರದಲ್ಲಿ, ಹತ್ತಿ ನಿಂತಿತು.

ಮಾರುವವನು ಮೋಸಗಾರನಲ್ಲ; ಓದು ಮುಗಿಸಿ ಬೇರೆ ಊರಿಗೆ ಹೊರಟಿದ್ದ ವಿದ್ಯಾರ್ಥಿ. ಹೆದೆಯನ್ನು ಇಳಿಸದೆಯೇ ಬಿಲ್ಲನ್ನು ಬೇಸಗೆಯುದ್ದಕ್ಕೂ ಕಾರಿನ ಹಿಂಭಾಗದಲ್ಲಿ ಬಿಟ್ಟಿದ್ದನಂತೆ. ನಮ್ಮ ಕಡೆಯ ಬೇಸಗೆಯೆಂದರೆ ನಲವತ್ತು ಡಿಗ್ರಿಗೆ ಮೇಲೆ. ಮುಚ್ಚಿದ ಕಾರಿನೊಳಗೆ ಅದು ಇನ್ನೆಷ್ಟಾಗುವುದೋ. ಆ ಶಾಖಕ್ಕೆ ಅಂಟು ಮೆತ್ತಗಾಗಿ ಪದರಗಳು ಬಿಡುತ್ತವೆ. ಹತ್ತಿಯ ಎಳೆಯನ್ನು ಕಂಡು ಅವನು ನಾಚಿಕೊಂಡು, ನಮ್ಮೆದುರಿಗೇ ಜಾಹೀರಾತನ್ನು ತೆಗೆದುಹಾಕಿದನು. ಚಹಾ ಕುಡಿಸಿ ಕಳುಹಿಸಿದನು.

ಮರದ ಅಥವಾ ಬಿದಿರಿನ ಬಿಲ್ಲಾದರೆ ನೋಡತಕ್ಕದ್ದು ಬೇರೆ. ಉದ್ದಕ್ಕೆ ಹೋದ ಸಣ್ಣ ಒಣಬಿರುಕಿಗೆ ಅಷ್ಟಾಗಿ ಹೆದರಬೇಕಾಗಿಲ್ಲ, ಅಡ್ಡಬಿರುಕು ಕಂಡರೆ ಮಾತ್ರ ಅದನ್ನು ಗೋಡೆಗೆ ತೂಗುಹಾಕಬೇಕೇ ಹೊರತು ಕೈಗೆ ತೆಗೆದುಕೊಳ್ಳಬಾರದು. ಬಿದಿರಿನ ಮೇಲೆ ಸೂಜಿಮೊನೆಯಂಥ ತೂತುಗಳೂ ಹಿಟ್ಟಿನಂಥ ಪುಡಿಯೂ ಇದ್ದರೆ ಕುಟ್ಟೆಹುಳು ಒಳಗೆ ಸಂಸಾರ ಹೂಡಿದೆ. ಹೆದೆ ಇಳಿಸಿದ ಮೇಲೂ ಬಿಲ್ಲು ಬಹಳವಾಗಿ ಬಾಗಿಯೇ ನಿಂತರೆ ಅದರ ಕಸುವು ಹೋಗಿದೆಯೆಂದು ತಿಳಿಯತಕ್ಕದ್ದು. ಹೆದೆಯ ವಿಷಯದಲ್ಲಿ ವಿಚಾರವೇ ಬೇಡ. ಹಳೆಯ ಬಿಲ್ಲಿನೊಡನೆ ಬಂದ ಹಳೆಯ ಹೆದೆಯನ್ನು ತೆಗೆದು ಹೊಸದನ್ನು ಹಾಕಿಸಬೇಕು. ಬಾಣಗಳನ್ನು ಒಂದೊಂದಾಗಿ ನೋಡಬೇಕು. ಈಗಿನ ಕಾರ್ಬನ್ ಬಾಣವನ್ನು ಮುಖದಿಂದ ದೂರ ಹಿಡಿದು ಸ್ವಲ್ಪ ಬಾಗಿಸಿದಾಗ ಚಿಟಪಟ ಸದ್ದಾದರೆ, ಬಿಟ್ಟ ಗಳಿಗೆಯಲ್ಲಿ ಅದು ಸೀಳಿ ಅಂಗೈಯನ್ನೇ ಹೊಕ್ಕೀತು.

ಜಾಹೀರಾತುಗಳಲ್ಲಿ ಪೌಂಡುಗಳ ಸಂಖ್ಯೆಯೊಂದನ್ನು ಬರೆದಿರುತ್ತಾರೆ. ಅದು ಬಿಲ್ಲಿನ ತೂಕವಲ್ಲ, ಹೆದೆಯನ್ನು ಸಾಮಾನ್ಯವಾಗಿ ೨೮ ಅಂಗುಲದವರೆಗೆ ಸೆಳೆಯಲು ಬೇಕಾದ ಬಲ. ನಮ್ಮ ಹುಡುಗನ ಕಣ್ಣು ೪೫ರ ಮೇಲಿದ್ದಿತು. ಅವನ ವಯಸ್ಸಿನವರಿಗೆ ಮೊದಲ ವರ್ಷ ೨೦ರಿಂದ ೨೫ ಸಾಕು, ಹೆಚ್ಚಾದರೆ ಭುಜವು ಕೆಡುವುದು ಎಂದು ತರುಣರು ಹೇಳಿದಾಗ ಅವನ ಉತ್ಸಾಹ ಸ್ವಲ್ಪ ಕುಗ್ಗಿತು.

ಎರಡನೆಯ ಜಾಹೀರಾತಿನಲ್ಲಿ ನಾವೇ ಬಲೆಗೆ ಬೀಳುವುದರಲ್ಲಿದ್ದೆವು. ಮಾರುವವನು ತಾನು ಸೈನಿಕನೆಂದೂ ತುರ್ತಾಗಿ ಗಡಿಗೆ ವರ್ಗವಾಗಿದೆಯೆಂದೂ ಹೇಳಿಕೊಂಡು, ಅರ್ಧ ಬೆಲೆಗೆ ಹೊಸತರಂಥ ಬಿಲ್ಲನ್ನು ಕೊಡುವೆನೆಂದು ಮುಂಗಡ ಕೇಳಿದನು. ಸೈನಿಕರ ವೇಷದ ಈ ವಂಚನೆಯು ಇಂಥ ಜಾಹೀರಾತುಗಳಲ್ಲಿ ಸರ್ವೇಸಾಮಾನ್ಯವೆಂದು ಆಮೇಲೆ ತಿಳಿಯಿತು. ಮಾರುವವರಿಗೂ ಇದೇ ತೆರನಾದ ಬಲೆಯುಂಟು: "ಹಣ ಕಳುಹಿಸುತ್ತೇನೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ" ಎನ್ನುವರು. ಹಣವನ್ನು ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಮೋಸಹೋದವರು ತಡಮಾಡದೆ ೧೯೩೦ ಸಂಖ್ಯೆಗೆ ಕರೆಮಾಡಬೇಕು.

ಇನ್ನು ಕಾನೂನಿನ ಮಾತು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಮಣಿಯದೆ ಹಲಗಲಿಯ ಬೇಡರು ಕಾದಿದ ಕಥೆಯು ಕನ್ನಡಿಗರೆಲ್ಲರಿಗೂ ತಿಳಿದದ್ದೇ. ೧೮೭೮ರ ಶಸ್ತ್ರ ಶಾಸನದಲ್ಲಿ ಸರ್ಕಾರವು ಬಂದೂಕು, ಕತ್ತಿ, ಭರ್ಜಿಗಳ ಸಾಲಿನಲ್ಲಿ ಬಿಲ್ಲುಬಾಣಗಳ ಹೆಸರನ್ನೂ ಸೇರಿಸಿತು. ಅದರ ಸ್ಥಾನದಲ್ಲಿ ಬಂದ ೧೯೫೯ರ ಶಾಸನದ ವ್ಯಾಖ್ಯೆಯಲ್ಲಿ ಬಿಲ್ಲಿನ ಹೆಸರು ಬಿಟ್ಟುಹೋಗಿದೆ. ಆದರೆ ಇನ್ನೊಂದು ಶಾಸನದಲ್ಲಿ ಅದು ಸ್ಪಷ್ಟವಾಗಿ ಉಳಿದುಕೊಂಡಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಆಯುಧವೆಂದರೆ ಏನೆಂದು ಹೇಳುವಾಗ ಬಿಲ್ಲುಬಾಣಗಳನ್ನು ಹೆಸರಿಸಿ, ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸಕೂಡದೆಂದು ವಿಧಿಸುತ್ತದೆ. ನಮಗೆ ಇದು ದೂರದ ಸಂಗತಿಯಲ್ಲ. ೧೯೯೪ರಲ್ಲಿ ಘೋಷಿತವಾದ ದರೋಜಿಯ ಕರಡಿಧಾಮವು ಪಕ್ಕದಲ್ಲಿಯೇ ಇದೆ. ಹೊಸ ಬಿಲ್ಲನ್ನು ಹೆಗಲಿಗೇರಿಸಿ ಕರಡಿ ನೋಡಲು ಹೋಗುವ ಹುಡುಗನು ಬೇಟೆಗೆ ಹೊರಡದಿದ್ದರೂ ಅಪರಾಧಿಯಾಗುವನು. ಹಂಪೆಯ ಬಂಡೆಗಳ ನಡುವೆ ಗುರಿ ನೆಟ್ಟು ಹೊಡೆಯುವ ಆಸೆಯನ್ನೂ ನಾನು ಮೊದಲೇ ಚಿವುಟಿಹಾಕಿದೆನು. ಪ್ರವಾಸಿಗರು ಓಡಾಡುವ ಕಡೆ ಬಾಣ ಬಿಡುವುದೆಂದರೇನು!

ಕಂಪ್ಲಿಯ ಬಿಲ್ಲಿನ ತೊಡಕು ಇನ್ನೊಂದು ಬಗೆಯದು. ಅತ್ತೆಯವರ ಮೊಮ್ಮಗಳು ಅದರ ಚಿತ್ರ ತೆಗೆದು, "ನೂರೈವತ್ತು ವರ್ಷದ ಪುರಾತನ ಬಿಲ್ಲು, ಕುಮಾರರಾಮನ ನಾಡಿನದು" ಎಂದು ಜಾಹೀರಾತು ಹಾಕಿಬಿಟ್ಟಿದ್ದಳು. ಕುಮಾರರಾಮನ ಕಂಪಿಲಿ ರಾಜ್ಯವು ೧೩೨೭ರಲ್ಲಿ ದಿಲ್ಲಿಯ ಸೇನೆಗೆ ಸಿಕ್ಕಿ ಅಳಿಯಿತು, ಹೆಸರಿಗೇನೂ ಖರ್ಚಿಲ್ಲವಷ್ಟೆ. ಎರಡೇ ದಿನದಲ್ಲಿ ಒಬ್ಬ ವ್ಯಾಪಾರಿಯು ಶುಲ್ಕವನ್ನು ತೀರಿಸಿ ಮಿಗುವಷ್ಟು ಬೆಲೆ ಹೇಳಿದನು. ಸರಕನ್ನು ಹೊರದೇಶಕ್ಕೆ ಕಳುಹಿಸುವೆನೆಂದೂ ಬಾಯಿಬಿಟ್ಟನು.

ನನಗೆ ಹೆದರಿಕೆಯಾಯಿತು. ೧೯೭೨ರ ಪುರಾವಸ್ತು ಮತ್ತು ಕಲಾನಿಧಿ ಶಾಸನದ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಮಹತ್ವದ ವಸ್ತು ಪುರಾವಸ್ತುವೆನಿಸುವುದು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ಕಳುಹಿಸಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸವುಂಟು. ಅಂಥ ವಸ್ತುಗಳ ವ್ಯಾಪಾರ ನಡೆಸುವವನಿಗೆ ಪರವಾನಗಿ ಇರಬೇಕು. ವ್ಯಾಪಾರಿಯನ್ನು ಪರವಾನಗಿ ಕೇಳಿದೆವು. ಅಂದಿನಿಂದ ಅವನ ಮಾತೇ ನಿಂತಿತು.

"ಹಾಗಾದರೆ ಇದು ನಿಜವಾಗಿಯೂ ಎಷ್ಟು ವರ್ಷದ್ದು, ಅತ್ತೆ?" ಎಂದು ಕೇಳಿದೆನು.

"ನನಗೇನು ಗೊತ್ತಪ್ಪಾ, ನಾನು ಮದುವೆಯಾಗಿ ಬಂದಾಗಲೇ ಅಟ್ಟದ ಮೇಲಿತ್ತು. ದೊಡ್ಡ ಅತ್ತಿಗೆಯವರನ್ನು ಕೇಳೋಣ" ಎಂದರು.

ತೊಂಬತ್ತರ ಸಮೀಪದ ಆ ವೃದ್ಧೆಗೆ ಕಿವಿ ಮಂದ, ನೆನಪು ಚುರುಕು. ಕಬ್ಬಿನ ಗದ್ದೆಗೆ ಹಂದಿಗಳ ಕಾಟವೆಂದು ತಮ್ಮ ತಂದೆ ಅದನ್ನು ಸಂತೆಯಲ್ಲಿ ಕೊಂಡರೆಂದೂ, ಆ ವರ್ಷವೇ ತುಂಗಭದ್ರೆಗೆ ಅಣೆಕಟ್ಟು ಕಟ್ಟುವುದಕ್ಕೆ ಅಡಿಗಲ್ಲು ಇಟ್ಟರೆಂದು ಮನೆಯಲ್ಲಿ ಮಾತಾಡಿದ್ದು ತಮಗೆ ನೆನಪಿದೆಯೆಂದೂ ಹೇಳಿದರು. ಅಡಿಗಲ್ಲು ಇಟ್ಟದ್ದು ೧೯೪೫ರಲ್ಲಿ. ಎಂದರೆ ಬಿಲ್ಲಿನ ವಯಸ್ಸು ಎಂಬತ್ತರ ಆಸುಪಾಸು, ಅದೂ ಸಂತೆಯ ಬಿದಿರಿನ ಬಿಲ್ಲು. ನೂರೈವತ್ತೆಂದು ಬರೆದದ್ದು ಮೊಮ್ಮಗಳ ಕೈಚಳಕ. ಆದರೆ ಆ ಸುಳ್ಳಿಗೇ ಬೆಲೆ ಬಂದಿತ್ತು. ಅತ್ತೆಯವರು ಒಂದು ರಾತ್ರಿ ಯೋಚಿಸಿದರು. ಮರುದಿನ ಹುಡುಗಿಯನ್ನು ಕೂರಿಸಿಕೊಂಡು, "ಇದ್ದದ್ದು ಇದ್ದಹಾಗೆ ಬರೆ" ಎಂದರು. ಸುಮಾರು ೧೯೪೫ರ ಬಿದಿರಿನ ಬಿಲ್ಲು, ಹೆದೆಯಿಲ್ಲ, ಒಂದು ಕೊಪ್ಪು ಮುರಿದಿದೆ, ಬಾಣ ಹೂಡಿ ಹೊಡೆಯಲು ಬಾರದು ಎಂದು ಹೊಸ ಜಾಹೀರಾತು ಬಂದಿತು. ಹೇಳಿದ್ದ ಬೆಲೆಯ ಹತ್ತರಲ್ಲಿ ಒಂದು ಪಾಲೂ ಬರುವಂತಿರಲಿಲ್ಲ. ಶುಲ್ಕಕ್ಕೆ ಅತ್ತೆಯವರ ಎರಡು ಬಳೆಗಳು ಬ್ಯಾಂಕಿಗೆ ಹೋದವು. ಇನ್ನೂ ಅಲ್ಲಿಯೇ ಇವೆ.

ನಮ್ಮ ಹುಡುಗನಿಗೆ ಕೊನೆಗೆ ಬಳ್ಳಾರಿಯಲ್ಲಿ ಬಿದಿರಿನ ಬಿಲ್ಲೊಂದು ಸಿಕ್ಕಿತು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದ್ದು, ಅದರಲ್ಲಿ ಇಂಥ ಸಾದಾ ಬಿಲ್ಲಿನಿಂದಲೇ ೫೦ ಮತ್ತು ೩೦ ಮೀಟರುಗಳ ದೂರಕ್ಕೆ ಹೊಡೆಯುವರು. ಮಾರಿದವಳು ಹೆಚ್ಚಿನ ಬಲದ ಬಿಲ್ಲಿಗೆ ಏರಿದ ಒಬ್ಬ ವಿದ್ಯಾರ್ಥಿನಿ. ಹೆದೆಯನ್ನು ಇಳಿಸಿ, ಬಟ್ಟೆಯ ಚೀಲದಲ್ಲಿ ನೆರಳಿನಲ್ಲಿಟ್ಟು ಕಾಪಾಡಿದ್ದಳು. ಬಿಲ್ಲಿಗಿಂತ ಆ ಚೀಲವನ್ನು ಕಂಡೇ ನಮ್ಮ ತರುಣರು ಒಪ್ಪಿದರೆಂದು ನನಗೆ ತೋರಿತು. ಈಗ ಹುಡುಗನು ಭಾನುವಾರಗಳಲ್ಲಿ ಅವರ ಮೈದಾನಕ್ಕೆ ಹೋಗಿ ಹುಲ್ಲಿನ ಮೆದೆಗೆ ಹೊಡೆಯುತ್ತಾನೆ. ಬಹುಪಾಲು ಬಾಣಗಳು ಮೆದೆಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಸಿಗುತ್ತವೆ.

ಕಂಪ್ಲಿಯ ಬಿಲ್ಲನ್ನು ಒಂದು ಬಯಲಾಟದ ಮೇಳದವರು ಕೊಂಡರು. ಹೊಡೆಯಲು ಬಾರದೆಂಬುದೇ ಅವರಿಗೆ ಅನುಕೂಲವಾಗಿತ್ತು. ಮುರಿದ ಕೊಪ್ಪಿಗೆ ಹಿತ್ತಾಳೆಯ ಕಟ್ಟು ಹಾಕಿ, ಬಣ್ಣದ ಕಾಗದ ಸುತ್ತಿ, ಬೇಸಗೆಯಲ್ಲಿ ಪಕ್ಕದ ಹಳ್ಳಿಯ ಆಟದಲ್ಲಿ ಅದನ್ನು ರಾಮನ ಪಾತ್ರಧಾರಿಯ ಕೈಗೆ ಕೊಟ್ಟರು. ಅತ್ತೆಯವರು ಮೊಮ್ಮಗಳೊಡನೆ ಹೋಗಿ ಬೆಳಗಿನ ಜಾವದವರೆಗೆ ಚಾಪೆಯ ಮೇಲೆ ಕುಳಿತು ನೋಡಿ ಬಂದರು. ಹೇಗಿತ್ತೆಂದು ಕೇಳಿದರೆ, ಆಟವೇನೋ ಚೆನ್ನಾಗಿತ್ತು, ಹೆದೆಯನ್ನು ಮಾತ್ರ ಬಹಳ ಸಡಿಲವಾಗಿ ಕಟ್ಟಿದ್ದರು ಎಂದರು.