‘ಝ’ ಹೋಗಿ ‘ಜ’ ಬಂತು. ತಿದ್ದುವವರು ಎಲ್ಲಿ ಹೋದರು?

ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿನಲ್ಲಿ ಬೆಳಗ್ಗಿನ ಚಾ ಕುಡಿಯುತ್ತಾ ಕೂತಿದ್ದೆವು. ಹೋಟೆಲ್ ನಡೆಸುವವರು ನಮ್ಮವರೇ, ದಕ್ಷಿಣ ಕನ್ನಡದಿಂದ ಹೋಗಿ ಅಲ್ಲೇ ನೆಲೆ ನಿಂತವರು. ಟೇಬಲ್ ಮೇಲೆ ಅಂದಿನ ಪತ್ರಿಕೆ ಇತ್ತು. ಒಂದೇ ಪುಟ. ಮೇಲಿನ ಸುದ್ದಿಯಲ್ಲಿ ‘ಮಾನ್ವಿ’, ಕೆಳಗಿನ ಸುದ್ದಿಯಲ್ಲಿ ‘ಮಾನವಿ’. ತೋರಿಸಿದ್ದಕ್ಕೆ ಅವರು ನಕ್ಕರು: “ತಾಲೂಕಿನ ಹೆಸರೇ ಎರಡು ನಮೂನೆ ಉಂಟು. ಇನ್ನು ನಮ್ಮ ಮಕ್ಕಳ ಹೆಸರು ಯಾವ ಲೆಕ್ಕ ಮಾರಾಯ್ರೆ?”

ಆಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದರು. ಮಗಳ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಅದನ್ನು ನೋಡಿದ ಮೇಲೆ ನಮಗೆ ನಗು ಬರಲಿಲ್ಲ.

ಕರಾವಳಿಯಲ್ಲಿ ನಾವು ‘ನಮಾಝ್’, ‘ರಮಝಾನ್’, ‘ಅಝೀಝ್’ ಎಂದು ಬರೆದು ರೂಢಿ. ರಾಯಚೂರು ಕಡೆ ‘ನಮಾಜ್’, ‘ರಂಜಾನ್’, ‘ಅಜೀಜ್’. ಇದರಲ್ಲಿ ಯಾವುದೂ ತಪ್ಪಲ್ಲ. ಆ ಧ್ವನಿಗೆ ಕನ್ನಡ ವರ್ಣಮಾಲೆಯಲ್ಲಿ ಬೇರೆಯೇ ಅಕ್ಷರ ಇಲ್ಲ. ‘ಜ’ ಕೆಳಗೆ ಎರಡು ಚುಕ್ಕಿ ಇಡುವ ಕ್ರಮ ಇದ್ದರೂ ಪತ್ರಿಕೆಗಳಲ್ಲಿ ಅದು ಅಪರೂಪ. ಹಾಗಾಗಿ ಫಾಯಿಝಾ ಎಂಬ ಒಂದೇ ಹೆಸರು ಘಟ್ಟ ಹತ್ತಿದ ಮೇಲೆ ಫಾಯಿಜಾ ಆಗುತ್ತದೆ, ಅವಸರದ ಕೈಯಲ್ಲಿ ಪಾಯಜಾ ಆಗುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಝೆಡ್’ ಇರಬೇಕಾದ ಕಡೆ ಒಬ್ಬರು ‘ಜೆ’ ಹಾಕುತ್ತಾರೆ, ಇನ್ನೊಬ್ಬರು ‘ಜೆ’ ಜೊತೆ ‘ಎಚ್’ ಕೂಡಾ ಸೇರಿಸುತ್ತಾರೆ. ಬರೆಯುವವರು ಒಬ್ಬರಾದ ಮೇಲೆ ನೋಡುವವರು ಇನ್ನೊಬ್ಬರಿದ್ದರೆ ಅಲ್ಲೇ ಸರಿಯಾಗುತ್ತಿತ್ತು. ಆ ಇನ್ನೊಬ್ಬರು ಈಗ ಇಲ್ಲ ಎಂಬುದೇ ನಮ್ಮ ವಿಷಯ.

ಓದಾವ ಒಬ್ಬ, ನೋಡಾವ ಒಬ್ಬ

ಮಾನ್ವಿಯಲ್ಲಿ ಸಿಕ್ಕ ನಿವೃತ್ತ ಶಿಕ್ಷಕರೊಬ್ಬರು ಮೊಳೆ ಅಚ್ಚಿನ ಕಾಲದಲ್ಲಿ ಪ್ರೆಸ್‌ಗಳಿಗೆ ಕರಡು ತಿದ್ದಿಕೊಡುತ್ತಿದ್ದವರು. ಕಂಪೋಸಿಟರ್ ಒಂದೊಂದೇ ಅಚ್ಚುಮೊಳೆ ಜೋಡಿಸಿ ಗ್ಯಾಲಿ ಪ್ರೂಫ್ ತೆಗೆಯುತ್ತಿದ್ದ. ಒಬ್ಬರು ಮೂಲ ಪ್ರತಿಯನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಕರಡಿನಲ್ಲಿ ಬೆರಳಿಟ್ಟು ನೋಡಬೇಕು. ಪುಟ ಕಟ್ಟಿದ ಮೇಲೆ ಮತ್ತೊಂದು ಸಲ. “ತಾನು ಬರ್ದಿದ್ದು ತನಗ ತಪ್ಪು ಕಾಣಂಗಿಲ್ರಿ. ಓದಾವ ಒಬ್ಬ, ನೋಡಾವ ಒಬ್ಬ ಬೇಕು” ಎಂದರು ಅವರು. ಇಷ್ಟಾದರೂ ತಪ್ಪು ಉಳಿದರೆ ಪುಸ್ತಕದ ಕೊನೆಗೆ ತಪ್ಪು-ಒಪ್ಪುಗಳ ಪಟ್ಟಿ ಅಂಟಿಸುತ್ತಿದ್ದರಂತೆ. ಈಗ ಅಂಥ ಪಟ್ಟಿ ಕಾಣುವುದೇ ಇಲ್ಲ. ತಪ್ಪು ಇಲ್ಲವಾಯಿತು ಎಂದಲ್ಲ, ಹುಡುಕುವವರು ಇಲ್ಲವಾದರು.

ಮಾನ್ವಿ ಜಗನ್ನಾಥದಾಸರ ಊರು. ದಾಸರ ಪದಗಳೂ ಕೈಬರಹದಲ್ಲಿ ಪ್ರತಿಯಿಂದ ಪ್ರತಿಗೆ ಸಾಗಿ ಬಂದವು. ಹಳೆಯ ಕನ್ನಡ ಹಸ್ತಪ್ರತಿಗಳಲ್ಲಿ ಅಕ್ಷರ ಬಿಟ್ಟುಹೋದ ಜಾಗದಲ್ಲಿ ‘ಹಂಸಪಾದ’ ಎಂಬ ಗುರುತು ಹಾಕಿ, ಬಿಟ್ಟದ್ದನ್ನು ಮೇಲೋ ಬದಿಯಲ್ಲೋ ಬರೆಯುತ್ತಿದ್ದರು. ಅಂದರೆ ಬರೆದ ಮೇಲೆ ಯಾರೋ ಕೂತು ಮತ್ತೆ ಓದಿದ್ದಾರೆ ಎಂದು ಅರ್ಥ.

ಈ ಕೆಲಸ ಯಾಕೆ ನಿಂತಿತು? ಕಂಪ್ಯೂಟರ್ ಬಂದ ಮೇಲೆ ಟೈಪ್ ಮಾಡುವವರು, ಪುಟ ಕಟ್ಟುವವರು, ತಿದ್ದುವವರು ಎಲ್ಲ ಒಬ್ಬರೇ ಆದರು. ಖರ್ಚು ಕಡಿಮೆ ಮಾಡಲು ಹೊರಟ ಸಂಸ್ಥೆಗಳಿಗೆ ಮೊದಲು ಕಂಡದ್ದು ಪ್ರೂಫ್ ರೀಡರ್ ಹುದ್ದೆ, ಯಾಕೆಂದರೆ ಆ ಕೆಲಸ ಚೆನ್ನಾಗಿ ಆದಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಸುದ್ದಿ ಮೊದಲು ಮೊಬೈಲಿಗೆ ಹೋಗಬೇಕು, ಆಮೇಲೆ ತಿದ್ದಿದರಾಯಿತು ಎಂಬ ಅಭ್ಯಾಸವೂ ಸೇರಿಕೊಂಡಿತು. ನುಡಿ, ಬರಹದಂಥ ಹಳೆಯ ತಂತ್ರಾಂಶದಲ್ಲಿ ಟೈಪಾದದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಮೊಬೈಲಿಗೆ ಮಾತಾಡಿ ಬರೆಸಿದರೆ ‘ಲ’ ‘ಳ’ ಅದಲು ಬದಲಾಗುತ್ತದೆ. ಇಂಗ್ಲಿಷಿಗಿರುವಷ್ಟು ಗಟ್ಟಿಯಾದ ಕಾಗುಣಿತ ಪರೀಕ್ಷಕ ಕನ್ನಡಕ್ಕೆ ಇನ್ನೂ ಇಲ್ಲ. ಯಂತ್ರ ಹೆಚ್ಚಾದಷ್ಟೂ ಮನುಷ್ಯರ ಕಣ್ಣು ಹೆಚ್ಚು ಬೇಕಿತ್ತು. ನಾವು ಮಾಡಿದ್ದು ಉಲ್ಟಾ.

ಬೆಲೆ ತೆರುವವರು ಯಾರು?

ಅಚ್ಚಿನ ತಪ್ಪು ನಗೆಚಾಟಿಕೆಯ ವಿಷಯ ಎಂದು ತಿಳಿದವರು ದೇವದುರ್ಗದಂಥ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳನ್ನು ಕೇಳಬೇಕು. ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡದ ಪ್ರಶ್ನೆಗಳಲ್ಲಿ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮುಖ್ಯಮಂತ್ರಿಯೇ ಮರುಪರೀಕ್ಷೆ ಘೋಷಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ಆಯಿತು. ಅದರಲ್ಲೂ ಕನ್ನಡ ತಪ್ಪಿತು, ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು.

ದೇವದುರ್ಗದ ಯುವಕನೊಬ್ಬ ನಮಗೆ ಹೇಳಿದ್ದು ಇಷ್ಟೇ: “ನಮಗ ಉತ್ರ ಬರ್ಲಿಲ್ಲಂದ್ರ ಓದಿಲ್ಲ ಅಂತಾರ. ಪ್ರಶ್ನಿನೇ ತಪ್ಪಿದ್ರ ಯಾರಿಗಿ ಕೇಳೋಣ್ರಿ?” ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಪಕ್ಕದ ಇಂಗ್ಲಿಷ್ ಪ್ರಶ್ನೆ ನೋಡಿ ದಾಟಿಕೊಂಡರು. ಕನ್ನಡ ಶಾಲೆಯಲ್ಲೇ ಕಲಿತವರು ಪ್ರಶ್ನೆ ಬಿಡಿಸುವುದರಲ್ಲೇ ಸಮಯ ಕಳೆದರು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಉದ್ಯೋಗ ಮೀಸಲಾತಿ ಕೊಟ್ಟಿದೆ ನಿಜ. ಆದರೆ ಪ್ರಶ್ನೆಯೇ ಅರ್ಥವಾಗದಿದ್ದರೆ ಮೀಸಲಾತಿ ಎಷ್ಟೆಂದು ಕೈ ಹಿಡಿದೀತು?

ಹೆಸರಿನ ತಪ್ಪೂ ಹಾಗೆಯೇ. ತಪ್ಪು ಮಾಡಿದವರಿಗೆ ಅದು ಒಂದು ಕೀಲಿ ಒತ್ತುವ ಕೆಲಸ. ತಿದ್ದಿಸಿಕೊಳ್ಳುವವರಿಗೆ ನೋಟರಿ, ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಕಚೇರಿಯಿಂದ ಕಚೇರಿಗೆ ಓಡಾಟ. ದಿನಗೂಲಿಯ ಮನೆಯಲ್ಲಿ ಪ್ರತಿ ಓಡಾಟವೂ ಒಂದು ದಿನದ ಅನ್ನ. ಹಿಂದೆ ಪ್ರೂಫ್ ರೀಡರಿಗೆ ಕೊಡುತ್ತಿದ್ದ ಸಂಬಳವನ್ನು ಉಳಿಸಿದ್ದೇವೆ ಎಂದು ಸಂಸ್ಥೆಗಳು ತಿಳಿದಿವೆ. ಅದು ಉಳಿದಿಲ್ಲ, ಬಡವರ ಕಿಸೆಗೆ ವರ್ಗವಾಗಿದೆ ಅಷ್ಟೇ.

ಬಂಡೆಯ ಮೇಲಿನ ಒಪ್ಪಿಗೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂದರೆ ಅಶೋಕ ಎಂಬುದು ಖಚಿತವಾದದ್ದು. ಅಶೋಕನ 14ನೇ ಬಂಡೆ ಶಾಸನ ಇನ್ನೂ ಒಂದು ಮಾತಿಗೆ ಪ್ರಸಿದ್ಧ. ಕೆಲವು ಕಡೆ ಬರಹ ಅಪೂರ್ಣವಾಗಿರಬಹುದು, ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು ಎಂದು ಚಕ್ರವರ್ತಿಯೇ ಒಪ್ಪಿಕೊಂಡಿದ್ದಾನೆ. ಇದೇ 14ನೇ ಶಾಸನದ ಒಂದು ಪ್ರತಿ 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿತು. ಎರಡು ಸಾವಿರ ವರ್ಷಗಳ ಹಿಂದೆ ರಾಜ ಒಪ್ಪಿಕೊಂಡ ತಪ್ಪನ್ನು ಇಂದಿನ ಕಚೇರಿಗಳು, ಪತ್ರಿಕೆಗಳು ಒಪ್ಪಲು ಯಾಕೆ ಹಿಂಜರಿಯಬೇಕು?

ನಮಗಂತೂ ಇದು ಹೊಸ ಪಾಠವಲ್ಲ. ಪ್ರತಿ ರಮಝಾನಿನಲ್ಲಿ ಜಿಬ್ರೀಲ್(ಅ) ಪ್ರವಾದಿ(ಸ) ಅವರೊಂದಿಗೆ ಕುರ್‌ಆನನ್ನು ಪುನರಾವರ್ತಿಸುತ್ತಿದ್ದರು, ಕೊನೆಯ ವರ್ಷ ಎರಡು ಬಾರಿ ಎಂದು ಮದ್ರಸದಲ್ಲಿ ಕಲಿತಿದ್ದೇವೆ. ವಹ್ಯಿ ಬರೆದುಕೊಂಡ ಝೈದ್ ಬಿನ್ ಸಾಬಿತ್(ರ) ಅವರು ಬರೆದದ್ದನ್ನು ಓದಿ ಒಪ್ಪಿಸುತ್ತಿದ್ದರು, ಬಿಟ್ಟುಹೋದದ್ದು ಇದ್ದರೆ ಪ್ರವಾದಿ(ಸ) ಸರಿಪಡಿಸುತ್ತಿದ್ದರು ಎಂಬ ವರದಿ ಇದೆ. ಹದೀಸ್ ವಿದ್ವಾಂಸರು ನಕಲು ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡುವುದಕ್ಕೆ ‘ಮುಕಾಬಲ’ ಎಂದು ಹೆಸರಿಟ್ಟು, ಎಲ್ಲಿಯವರೆಗೆ ಹೋಲಿಸಿದ್ದಾಯಿತೋ ಅಲ್ಲಿ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. 1984ರಲ್ಲಿ ಶುರುವಾದ ಮದೀನಾದ ಕಿಂಗ್ ಫಹದ್ ಕುರ್‌ಆನ್ ಮುದ್ರಣ ಸಂಕೀರ್ಣದಲ್ಲಿ ಇಂದಿಗೂ ಹಲವು ಹಂತದ ಪರಿಶೀಲನೆ ಇದೆ. ಅಕ್ಷರ ಒಂದು ಅಮಾನತ್. ನಮ್ಮ ಕೈಗೆ ಬಂದಂತೆಯೇ ಮುಂದಿನವರಿಗೆ ತಲುಪಿಸಬೇಕು.

ನಮ್ಮ ಮನೆಯಿಂದಲೇ

ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನಮ್ಮ ಸಮುದಾಯದ ಸ್ಮರಣ ಸಂಚಿಕೆಗಳನ್ನು ಬಿಡಿಸಿ ನೋಡೋಣ. ದಾನಿಗಳ ಫೋಟೋ ಬಣ್ಣದಲ್ಲಿ, ಮುಖಪುಟ ಹೊಳೆಯುವ ಕಾಗದದಲ್ಲಿ. ಒಳಗೆ ಮರ್ಹೂಂ ಉಸ್ತಾದರ ಹೆಸರೇ ತಪ್ಪು. ಪ್ರೂಫ್ ಯಾರು ನೋಡಿದ್ದು ಎಂದರೆ “ಡಿಟಿಪಿಯವನೇ ನೋಡಿದ್ದು” ಎಂಬ ಉತ್ತರ. ಮದುವೆ ಕಾಗದದಲ್ಲೂ ಇದೇ ಕಥೆ. ಬ್ಯಾರಿ ಭಾಷೆಯ ಬರಹಕ್ಕಂತೂ ಕಷ್ಟ ಇನ್ನೂ ಹೆಚ್ಚು. ನಾವು ಅದನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾ ಬಂದವರು, ಪದದ ಕೊನೆಯ ಅರ್ಧ ಉಕಾರವನ್ನು ಒಬ್ಬೊಬ್ಬರು ಒಂದೊಂದು ನಮೂನೆ ಬರೆಯುತ್ತೇವೆ. 2007ರಿಂದ ನಮಗೊಂದು ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. ಬ್ಯಾರಿ ಬರಹವನ್ನು ತಿದ್ದಬಲ್ಲ ಹತ್ತು ಜನ ಯುವಕ ಯುವತಿಯರನ್ನು ತಯಾರು ಮಾಡಿದರೂ ಅದು ದೊಡ್ಡ ಸೇವೆ.

1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ನಮ್ಮ ಊರಿನಿಂದ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾದದ್ದೂ ಅಲ್ಲೇ. ಆ ನೆಲದ ನಾವು ಮಾಡಬಹುದಾದ ಸಣ್ಣ ಕೆಲಸಗಳಿವೆ. ಜಮಾಅತ್ ಏನೇ ಅಚ್ಚು ಹಾಕಿಸಲಿ, ಖರ್ಚಿನ ಪಟ್ಟಿಯಲ್ಲಿ ಕರಡು ತಿದ್ದುವವರಿಗೂ ಒಂದು ಮೊತ್ತ ಬರೆಯಲಿ. ನಿವೃತ್ತ ಮೇಷ್ಟ್ರುಗಳು, ಮನೆಯಲ್ಲಿರುವ ಪದವೀಧರ ಹೆಣ್ಣುಮಕ್ಕಳು ಈ ಕೆಲಸ ಚೆನ್ನಾಗಿ ಮಾಡಬಲ್ಲರು. ಪುಕ್ಕಟೆ ಮಾಡಿಸುವುದು ಬೇಡ. ಮಗುವಿನ ಹೆಸರು ನೋಂದಾಯಿಸುವ ದಿನ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಚೀಟಿಯಲ್ಲಿ ಬರೆದು ಕೊಡಿ, ಅಚ್ಚಾದದ್ದನ್ನು ಅಲ್ಲೇ ಜೋರಾಗಿ ಓದಿ, ಆಮೇಲೆ ಸಹಿ ಹಾಕಿ.

ಈ ಪುಟದಲ್ಲೂ ತಪ್ಪುಗಳು ಆಗಿವೆ, ಓದುಗರು ಫೋನ್ ಮಾಡಿ ಹೇಳಿದ್ದೂ ಉಂಟು. ಈ ಲೇಖನವನ್ನು ಮಾತ್ರ ಮಾನ್ವಿಯ ಮೇಷ್ಟ್ರು ಹೇಳಿದ ಹಾಗೆ ಒಬ್ಬರು ಓದಿ, ಒಬ್ಬರು ನೋಡಿ ಅಚ್ಚಿಗೆ ಕೊಟ್ಟಿದ್ದೇವೆ. ಊರಿನ ಹೆಸರನ್ನು ಎಲ್ಲ ಕಡೆ ‘ಮಾನ್ವಿ’ ಎಂದೇ ಇಟ್ಟಿದ್ದೇವೆ. ಆದರೂ ಎಲ್ಲಾದರೂ ತಪ್ಪು ಕಂಡರೆ ತಿಳಿಸಿ. ಮುಂದಿನ ವಾರ ಇದೇ ಜಾಗದಲ್ಲಿ ತಿದ್ದಿ ಹಾಕುತ್ತೇವೆ.