ತೊರವಿಯ ನೀರು, ಇಂಜಿನಿಯರಿಂಗ್‌ನ ರಸಾಯನಶಾಸ್ತ್ರ

1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರಸ್ಥಾನ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಇಂಜಿನಿಯರಿಂಗ್‌ನ ಮೊದಲ ವರ್ಷವು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂಬ ಎರಡು ಸೆಮಿಸ್ಟರ್‌ಗಳಾಗಿ ಹಂಚಿಕೆಯಾಗಿದ್ದು, ಯಾವ ಶಾಖೆಯ ವಿದ್ಯಾರ್ಥಿಯಾದರೂ ಇವುಗಳಲ್ಲಿ ಒಂದನ್ನು ಮೊದಲು, ಇನ್ನೊಂದನ್ನು ಅನಂತರ ಓದಲೇಬೇಕಾಗುತ್ತದೆ. ಕಂಪ್ಯೂಟರ್ ಶಾಖೆಯನ್ನು ಆರಿಸಿಕೊಂಡವರಿಗೆ ರಸಾಯನಶಾಸ್ತ್ರವು ಹೇಗಾದರೂ ದಾಟಿಬಿಡಬೇಕಾದ ಹೊಳೆಯಂತೆ ತೋರುವುದು ಸಹಜವೇ ಆದರೂ, ಬ್ಯಾಕ್‌ಲಾಗ್ ಉಳಿಯಲು ವಿಷಯದ ಕಾಠಿಣ್ಯಕ್ಕಿಂತ ಓದುವ ರೂಢಿಯೇ ಹೆಚ್ಚು ಕಾರಣವೆನ್ನಬೇಕು.

ಈ ರೂಢಿ ಬೆಳೆಯುವುದು ಪಿಯುಸಿಯಲ್ಲಿ. ಸಿಇಟಿಯ ರಸಾಯನಶಾಸ್ತ್ರ ಪತ್ರಿಕೆಯಲ್ಲಿ 80 ನಿಮಿಷಗಳಲ್ಲಿ 60 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕಾಗಿರುವುದರಿಂದ, ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಪತ್ತೆಹಚ್ಚುವ ಚುರುಕುತನವೇ ಅಲ್ಲಿ ದೊಡ್ಡ ಬಂಡವಾಳ. ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದ ಪರೀಕ್ಷೆಯಲ್ಲಾದರೋ ಮಾಡ್ಯೂಲ್ ಎಂದು ಕರೆಯಲಾಗುವ ಐದು ಘಟಕಗಳಿಂದ ತಲಾ ಎರಡು ಪೂರ್ಣ ಪ್ರಶ್ನೆಗಳು ಬಂದು, ಪ್ರತಿ ಘಟಕದಿಂದಲೂ 20 ಅಂಕಗಳ ಒಂದಕ್ಕೆ ಸಮೀಕರಣ, ಚಿತ್ರ, ಲೆಕ್ಕ ಸಮೇತ ಉತ್ತರಿಸಬೇಕಾಗುತ್ತದೆ. ಆಯ್ಕೆಯು ಘಟಕದ ಒಳಗಷ್ಟೇ ಇರುವುದರಿಂದ, ಒಂದು ಘಟಕವನ್ನೇ ಕೈಬಿಟ್ಟವರು 20 ಅಂಕಗಳನ್ನು ಪರೀಕ್ಷೆಗೆ ಮೊದಲೇ ಕಳೆದುಕೊಂಡಿರುತ್ತಾರೆ.

ಇಡೀ ವಿಷಯದ ಕೀಲಿ ಇರುವುದು ಮೋಲ್ ಎಂಬ ಪರಿಕಲ್ಪನೆಯಲ್ಲಿ, ಅಂದರೆ ವಸ್ತುವಿನ ತೂಕವನ್ನು ಅದರ ಕಣಗಳ ಎಣಿಕೆಗೆ ಜೋಡಿಸುವ ಅಳತೆಯಲ್ಲಿ. ಇದನ್ನು ಮನದಟ್ಟು ಮಾಡಿಕೊಳ್ಳಲು ವಿಜಯಪುರದ ವಿದ್ಯಾರ್ಥಿಗೆ ತೊರವಿಯ ನೀರಿಗಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣವಿರುವ ಈ ಊರು ಆದಿಲಶಾಹಿಗಳ ಕಾಲದಲ್ಲಿ ನೆಲದಡಿಯ ಕಾಲುವೆಯ ಮೂಲಕ ನಗರಕ್ಕೆ ನೀರುಣಿಸಿತ್ತು. ಇಲ್ಲಿನ ನೆಲ ಬಸಾಲ್ಟ್ ಎಂಬ ಕಪ್ಪು ಶಿಲೆಯದಾಗಿದ್ದು, ಅದು ಶಿಥಿಲವಾದಂತೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಅಂತರ್ಜಲಕ್ಕೆ ಇಳಿದು ನೀರನ್ನು ಗಡಸಾಗಿಸುತ್ತವೆ. ತೊಗರಿಬೇಳೆ ಬೇಗ ಬೇಯದಿರುವುದೂ ಸಾಬೂನು ನೊರೆಗಟ್ಟದಿರುವುದೂ ಇದರಿಂದಲೇ. ಬಾವಿಯ 25 ಮಿಲಿಲೀಟರ್ ನೀರನ್ನು ಪಿಪೆಟ್‌ನಿಂದ ಅಳೆದು, ಪಿಎಚ್ 10ರ ಸುಮಾರಿಗೆ ನಿಲ್ಲಿಸುವ ಅಮೋನಿಯಾ ಬಫರ್ ಹಾಗೂ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಸೇರಿಸಿ, ಬ್ಯೂರೆಟ್‌ನಿಂದ 0.01 ಮೋಲಾರ್ ಇಡಿಟಿಎ ದ್ರಾವಣವನ್ನು ಬಿಡುತ್ತ ಹೋದರೆ, ನಸುಗೆಂಪು ಬಣ್ಣ ನೀಲಿಗೆ ತಿರುಗುವಾಗ 10 ಮಿಲಿಲೀಟರ್ ಖರ್ಚಾಯಿತೆಂದು ಭಾವಿಸೋಣ. ಆಗ ಬಳಕೆಯಾದ ಇಡಿಟಿಎ 0.0001 ಮೋಲ್, ಅದರ ಒಂದು ಅಣು ಒಂದೇ ಲೋಹದ ಅಯಾನನ್ನು ಹಿಡಿಯುವುದರಿಂದ ಗಡಸುತನದ ಅಯಾನುಗಳೂ ಅಷ್ಟೇ. ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಮೋಲ್ 100 ಗ್ರಾಂ ಆಗಿರುವುದರಿಂದ 25 ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ, ಒಂದು ಲೀಟರ್‌ನಲ್ಲಿ 400 ಮಿಲಿಗ್ರಾಂ ಗಡಸುತನವಿದ್ದಂತಾಯಿತು. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ 200ನ್ನು ಸ್ವೀಕಾರಾರ್ಹ ಮಿತಿಯೆಂದೂ, ಬೇರೆ ಮೂಲವಿಲ್ಲದಾಗ 600ರವರೆಗೆ ಸಹಿಸಬಹುದೆಂದೂ ಹೇಳಿರುವುದನ್ನು ಬಲ್ಲವರಿಗೆ ಆ 400 ಬರಿಯ ಉತ್ತರವಾಗಿ ಉಳಿಯದು. ಸೂತ್ರವನ್ನು ಬಾಯಿಪಾಠ ಮಾಡಿದವರು 25ರ ಬದಲು 50 ಮಿಲಿಲೀಟರ್ ಎಂದು ಪ್ರಶ್ನೆ ಬದಲಾದೊಡನೆ ತಡವರಿಸುತ್ತಾರೆ.

ವಿದ್ಯುದ್ರಸಾಯನದ ನರ್ನ್‌ಸ್ಟ್ ಸಮೀಕರಣಕ್ಕೂ ಇದೇ ಮಾತು ಸಲ್ಲುತ್ತದೆ. 0.0591ನ್ನು ಭಾಗಿಸುವ ಸಂಖ್ಯೆಯು ಕ್ರಿಯೆಯಲ್ಲಿ ವರ್ಗಾವಣೆಯಾಗುವ ಎಲೆಕ್ಟ್ರಾನುಗಳದು ಎಂದೂ, ಆ ಅಂಕೆ 25 ಡಿಗ್ರಿ ಸೆಲ್ಸಿಯಸ್‌ಗೆ ಮಾತ್ರ ಹೊಂದುವುದೆಂದೂ ತಿಳಿದಿದ್ದರೆ ಬ್ಯಾಟರಿ, ತುಕ್ಕು ಮುಂತಾದ ಮುಂದಿನ ಪಾಠಗಳು ಅರ್ಧಕ್ಕರ್ಧ ಹಗುರಾಗುತ್ತವೆ. ಪಾಲಿಮರ್‌ಗಳಂಥ ವಿವರಣಾತ್ಮಕ ಭಾಗಗಳಿಗೆ ಬರೆದು ಕಲಿಯುವುದೇ ಸಾಕು.

ಪ್ರಯೋಗಾಲಯವನ್ನು ಕೇವಲ ರೆಕಾರ್ಡ್ ತುಂಬಿಸುವ ಕೆಲಸವೆಂದು ಬಗೆಯುವುದಂತೂ ಶುದ್ಧ ನಷ್ಟದ ವ್ಯವಹಾರ, ಏಕೆಂದರೆ ಇದೇ ಪಠ್ಯಕ್ರಮದಲ್ಲಿ ಸೆಮಿಸ್ಟರಿನುದ್ದಕ್ಕೂ ನಡೆಯುವ ಆಂತರಿಕ ಮೌಲ್ಯಮಾಪನದ 50 ಅಂಕಗಳಲ್ಲಿ ಅರ್ಧ ಅಲ್ಲಿಂದಲೇ ಬರುತ್ತವೆ. ಮೇಲಿನ ಪ್ರಯೋಗದಲ್ಲಿ ಬಣ್ಣ ತಿರುಗುವ ಹೊತ್ತಿಗೆ ಹನಿಹನಿಯಾಗಿ ಬಿಡದೆ ಅರ್ಧ ಮಿಲಿಲೀಟರ್ ಹೆಚ್ಚು ಸುರಿದರೆ ಫಲಿತಾಂಶವು ಲೀಟರಿಗೆ 20 ಮಿಲಿಗ್ರಾಂನಷ್ಟು ಏರುತ್ತದೆ. ಪಕ್ಕದವರ ರೀಡಿಂಗ್ ನಕಲು ಮಾಡಿದವರಿಗೆ ಆ 20 ಎಲ್ಲಿಂದ ಬಂದಿತೆಂದು ವೈವಾದಲ್ಲಿ ಹೇಳಲಾಗದು.